ಲಿಬರೇಟರಿಗೆ ಯಾವ ಬಣ್ಣ?

ಪೆಂಡುರ್ತಿಯ ನಮ್ಮ ಮನೆಯ ಊಟದ ಮೇಜು ಎರಡು ತಿಂಗಳಿಂದ ಊಟಕ್ಕೆ ಒದಗಿಲ್ಲ. ಹಳೆಯ ಪತ್ರಿಕೆ ಹಾಸಿ, ಅದರ ಮೇಲೆ ನಾಲ್ಕು ಎಂಜಿನ್ನಿನ ಒಂದು ವಿಮಾನದ ಅವಯವಗಳನ್ನು ಹರಡಿಕೊಂಡು ಕೂತಿದ್ದೇವೆ. ನಾವು ಎಂದರೆ ತಂದೆ ಮತ್ತು ಇಬ್ಬರು ಮಕ್ಕಳು. ಮನೆಯವರು ನಮ್ಮ ಗುಂಪಿಗೆ ಸೇರಿಲ್ಲ. ನೆಲದ ಮೇಲೆ ಎಲೆ ಹಾಕುತ್ತಾ, ಇದು ಯಾವಾಗ ಹಾರಿಹೋಗುತ್ತದೆ ಎಂದು ದಿನಕ್ಕೊಮ್ಮೆ ವಿಚಾರಿಸುತ್ತಾರೆ, ಅಷ್ಟೆ.

ವಿಮಾನದ ಹೆಸರು ಬಿ-24 ಲಿಬರೇಟರ್. ಪರದೇಶದ ಪ್ಲಾಸ್ಟಿಕ್ ಕಿಟ್. ಪೆಟ್ಟಿಗೆಯೊಳಗಿನ ಕಾಗದದಲ್ಲಿ ಬಣ್ಣ ಹಚ್ಚಲು ಎರಡು ಮಾದರಿಗಳನ್ನು ತೋರಿಸಿದ್ದರು. ಎರಡೂ ಅಮೆರಿಕದ ವಾಯುಪಡೆಯವು: ಒಂದು ಕಡು ಹಸಿರು, ಇನ್ನೊಂದು ಮರಳುಗಾಡಿನ ಬಣ್ಣ. ಅದನ್ನು ತಿರುಗಿಸಿ ಮುರುಗಿಸಿ ನೋಡಿದ ಚಿಕ್ಕವನು ಕೇಳಿದ: "ಅಪ್ಪಾ, ಇದರಲ್ಲಿ ನಮ್ಮ ದೇಶದ್ದು ಯಾಕಿಲ್ಲ? ಇದು ನಮ್ಮಲ್ಲಿ ಹಾರಲೇ ಇಲ್ವಾ?"

ಹಾರಿತ್ತು. ಹಾರಿದ್ದಷ್ಟೇ ಅಲ್ಲ, ಸತ್ತು ಬಿದ್ದಿದ್ದ ಈ ವಿಮಾನಗಳಿಗೆ ಮರುಜನ್ಮ ಕೊಟ್ಟದ್ದು ನಮ್ಮ ಬೆಂಗಳೂರು. ಆ ಸಂಗತಿಯನ್ನು ಮಕ್ಕಳಿಗೆ ಹೇಳಲು ಹೊರಟು ನಾವೇ ನಾಲ್ಕಾರು ಪುಸ್ತಕ ತಿರುವಿ ಹಾಕಬೇಕಾಯಿತು. ಅದನ್ನೇ ಸಂಘದ ಬಂಧುಗಳ ಮುಂದೆ ಇಡುತ್ತಿದ್ದೇವೆ.

ಮೊದಲು ಅಳತೆಯ ಮಾತು. ಪೆಟ್ಟಿಗೆಯ ಮೇಲೆ 1:72 ಎಂದು ಅಚ್ಚಾಗಿರುತ್ತದೆ. ನಿಜವಾದ ವಿಮಾನದ ಎಪ್ಪತ್ತೆರಡನೆಯ ಒಂದು ಭಾಗ ಎಂದರ್ಥ. ಎಪ್ಪತ್ತೆರಡೇ ಏಕೆ, ದುಂಡಗೆ ನೂರು ಏಕಲ್ಲ? ಆರಡಿ ಎಂದರೆ ಎಪ್ಪತ್ತೆರಡು ಅಂಗುಲ. ಆರಡಿಯ ಆಳು ಈ ಅಳತೆಯಲ್ಲಿ ಸರಿಯಾಗಿ ಒಂದಂಗುಲವಾಗುತ್ತಾನೆ. 1930ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ‘ಸ್ಕೈಬರ್ಡ್ಸ್’ ಎಂಬ ಮರದ ಕಿಟ್‌ಗಳು ಈ ಲೆಕ್ಕವನ್ನು ಹಿಡಿದವು. 1936ರಲ್ಲಿ ಬಂದ ‘ಫ್ರಾಗ್ ಪೆಂಗ್ವಿನ್’ ಪ್ಲಾಸ್ಟಿಕ್ ಕಿಟ್‌ಗಳು ಅದನ್ನೇ ಮುಂದುವರಿಸಿದವು. ಎರಡನೆಯ ಮಹಾಯುದ್ಧ ಶುರುವಾದ ಮೇಲೆ ಆಟಿಕೆ ಆಟಿಕೆಯಾಗಿ ಉಳಿಯಲಿಲ್ಲ. ಆಕಾಶದಲ್ಲಿ ಬರುತ್ತಿರುವುದು ಮಿತ್ರನೋ ಶತ್ರುವೋ ಎಂದು ಸಿಪಾಯಿಗಳಿಗೆ ಗುರುತು ಹಿಡಿಯಲು ಕಲಿಸಬೇಕಿತ್ತು. ಅದಕ್ಕಾಗಿ 1942ರಲ್ಲಿ ಅಮೆರಿಕದ ನೌಕಾಪಡೆ ಅಲ್ಲಿನ ಶಾಲಾಮಕ್ಕಳಿಂದ ಇದೇ ಅಳತೆಯ ಐದು ಲಕ್ಷ ಮರದ ಮಾದರಿಗಳನ್ನು ಬಯಸಿತು. ನಮ್ಮ ಮೇಜಿನ ಮೇಲಿರುವ ಆಟದ ಪೂರ್ವಜರು ಹೀಗೆ ಯುದ್ಧಕ್ಕೆ ಹೋಗಿ ಬಂದವರು.

ಇನ್ನು ಲಿಬರೇಟರ್. ರೆಕ್ಕೆಯ ತುದಿಯಿಂದ ತುದಿಗೆ 110 ಅಡಿ. ನಮ್ಮ ಅಳತೆಯಲ್ಲಿ ಸುಮಾರು 47 ಸೆಂಟಿಮೀಟರು. ಡೊಳ್ಳು ಹೊಟ್ಟೆ, ಬಾಲದಲ್ಲಿ ಮೊರದಂಥ ಎರಡು ಹಲಗೆ. ಚೆಲುವಿನ ವಿಮಾನ ಎಂದು ಯಾರೂ ಹೇಳರು. ಆದರೆ ಬಹುದೂರ ಹಾರುವ ಶಕ್ತಿ ಅದಕ್ಕಿತ್ತು. ಒಟ್ಟು 18,000ಕ್ಕೂ ಹೆಚ್ಚು ತಯಾರಾದವು. ಡೆಟ್ರಾಯಿಟ್ ಬಳಿಯ ವಿಲ್ಲೋ ರನ್ ಎಂಬಲ್ಲಿ ಫೋರ್ಡ್ ಕಂಪನಿ ಕಟ್ಟಿದ ಕಾರ್ಖಾನೆಯಿಂದ 1944ರ ಹೊತ್ತಿಗೆ ಗಂಟೆಗೊಂದರಂತೆ ಹೊರಬರುತ್ತಿದ್ದವು. ಗಂಟೆಗೊಂದು! ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ನಮ್ಮ ಈ ಕರಾವಳಿಗೆ ಯುದ್ಧ ಬಂದದ್ದು 1942ರ ಏಪ್ರಿಲ್ 6ರಂದು. ರ್ಯೂಜೋ ಎಂಬ ಜಪಾನಿ ವಿಮಾನವಾಹಕ ನೌಕೆಯಿಂದ ಎದ್ದ ವಿಮಾನಗಳು ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೆ ಬಾಂಬು ಹಾಕಿದವು. ಊರ ಜನ ಗಂಟುಮೂಟೆ ಕಟ್ಟಿಕೊಂಡು ಒಳನಾಡಿನ ಹಳ್ಳಿಗಳಿಗೆ ಓಡಿದರು. ಆ ದಾಳಿಯ ಬಾಂಬಿನ ಚಿಪ್ಪೊಂದನ್ನು ಬೀಚ್ ರಸ್ತೆಯ ವಿಶಾಖ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರೆ. ನೆಂಟರು ಬಂದಾಗ ತೋರಿಸಲು ಯೋಗ್ಯವಾದ ವಸ್ತು. ಬಂದರಿನ ಪಕ್ಕದಲ್ಲಿ ಆಗತಾನೆ ಒಂದು ಹಡಗು ಕಟ್ಟೆ ತಲೆಯೆತ್ತುತ್ತಿತ್ತು. 1941ರ ಜೂನ್ 21ರಂದು ಬಾಬು ರಾಜೇಂದ್ರ ಪ್ರಸಾದರು ಅದಕ್ಕೆ ಅಸ್ತಿಭಾರ ಹಾಕಿದ್ದರು. ಕಟ್ಟಿಸುತ್ತಿದ್ದವರು ವಾಲಚಂದ್ ಹೀರಾಚಂದ್.

ಈ ಹೆಸರು ಬಂದ ಕೂಡಲೇ ಬೆಂಗಳೂರಿಗೆ ಹೋಗಬೇಕಾಗುತ್ತದೆ. ಇದೇ ವಾಲಚಂದರು, ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಮೈಸೂರು ಸರ್ಕಾರದೊಡನೆ ಕೂಡಿ, 1940ರ ಡಿಸೆಂಬರ್ 23ರಂದು ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ವಿಶಾಖಪಟ್ಟಣದ ಹಡಗು ಮತ್ತು ಬೆಂಗಳೂರಿನ ವಿಮಾನ, ಎರಡೂ ಒಬ್ಬ ಮನುಷ್ಯನ ಒಂದೇ ಹಟದಿಂದ ಆರು ತಿಂಗಳ ಅಂತರದಲ್ಲಿ ಹುಟ್ಟಿದವು. ಬೆಂಗಳೂರಿನಿಂದ ಬಂದು ಇಲ್ಲಿ ನೆಲೆಸಿದ ನಮ್ಮಂಥವರಿಗೆ ಇದು ಒಂದು ಬಗೆಯ ಬೀಗತನವಾಗಿ ಕಂಡರೆ ಆಶ್ಚರ್ಯವಿಲ್ಲ.

1942ರಲ್ಲಿ ವಾಲಚಂದರ ಪಾಲನ್ನು ಭಾರತ ಸರ್ಕಾರವೇ ಕೊಂಡಿತು. ಮರುವರ್ಷ ಕಾರ್ಖಾನೆ ಅಮೆರಿಕನ್ನರ ಕೈಸೇರಿ, ಯುದ್ಧ ವಿಮಾನಗಳ ದೊಡ್ಡ ರಿಪೇರಿ ಅಂಗಡಿಯಾಯಿತು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳು ಪಕ್ಕದ ಬೆಳ್ಳಂದೂರು ಕೆರೆಗೆ ಇಳಿದು ರಿಪೇರಿಗೆ ಬರುತ್ತಿದ್ದವು. ಈಗಿನ ಬೆಳ್ಳಂದೂರು ಕೆರೆ ನೋಡಿದವರಿಗೆ ಇದನ್ನು ನಂಬುವುದು ಕಷ್ಟ! ಕೋಲಾರದಲ್ಲಿ ಬ್ರಿಟಿಷ್ ವಾಯುಪಡೆ ತನ್ನ ಪೈಲಟ್‌ಗಳಿಗೆ ಲಿಬರೇಟರ್ ಹಾರಿಸುವುದನ್ನು ಕಲಿಸುತ್ತಿತ್ತು. ಬಂಗಾಳದಿಂದ ಹೊರಟ ಲಿಬರೇಟರುಗಳು ಬರ್ಮಾದ ರೈಲುದಾರಿಗಳನ್ನು ಒಡೆದು, ಪೆನಾಂಗ್ ಬಂದರಿನವರೆಗೂ ಹೋಗಿ ಕಡಲಲ್ಲಿ ಸಿಡಿಗುಂಡು ಬಿತ್ತಿ ಬಂದವು.

1945ರ ಆಗಸ್ಟಿನಲ್ಲಿ ಯುದ್ಧ ಮುಗಿಯಿತು. ಈಗ ಇಷ್ಟೊಂದು ಲಿಬರೇಟರುಗಳನ್ನು ಏನು ಮಾಡುವುದು? ಅವು ಅಮೆರಿಕ ಬ್ರಿಟನ್ನಿಗೆ ‘ಲೆಂಡ್–ಲೀಸ್’ ಕರಾರಿನಲ್ಲಿ ಕೊಟ್ಟಿದ್ದ ಸಾಮಾನು. ಯುದ್ಧ ಮುಗಿದ ಮೇಲೆ ಹಿಂದಿರುಗಿಸಬೇಕು, ಇಲ್ಲವೆ ದುಡ್ಡು ಕೊಡಬೇಕು, ಎರಡೂ ಆಗದಿದ್ದರೆ ನಾಶ ಮಾಡಬೇಕು. ಕಾನಪುರದ ಚಕೇರಿಯಲ್ಲಿ ಅವನ್ನೆಲ್ಲ ಸಾಲಾಗಿ ನಿಲ್ಲಿಸಿ ಮೂರನೆಯ ದಾರಿ ಹಿಡಿದರು. ಕ್ರೇನಿನಲ್ಲಿ ಎತ್ತಿ ಕೆಳಕ್ಕೆ ಬಿಟ್ಟರು, ಗುದ್ದಿದರು, ಎಂಜಿನ್ನಿಗೆ ಮರಳು ಸುರಿದರು, ಒಳಗಿನ ಉಪಕರಣಗಳನ್ನು ಒಡೆದರು. ಇವು ಇನ್ನು ಏಳುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು ಹಡಗು ಹತ್ತಿದರು.

ಸ್ವಾತಂತ್ರ್ಯ ಬಂತು, ದೇಶ ಇಬ್ಭಾಗವಾಯಿತು, ಕಾಶ್ಮೀರದಲ್ಲಿ ಕದನ ಶುರುವಾಯಿತು. ನಮ್ಮ ವಾಯುಪಡೆಯ ಬಳಿ ಭಾರಿ ಬಾಂಬರ್ ಒಂದೂ ಇರಲಿಲ್ಲ. ಕೊಳ್ಳಲು ಹಣವೂ ಇರಲಿಲ್ಲ. ಆಗ ಕಾನಪುರದ ಆ ಗುಜರಿಯ ಕಡೆಗೆ ಕಣ್ಣು ಹೋಯಿತು. ಕೆಲಸ ಬಂದದ್ದು ಬೆಂಗಳೂರಿಗೆ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ವಿಲ್ಲೋ ರನ್ನಿನಲ್ಲಿ ಗಂಟೆಗೊಂದು ಲಿಬರೇಟರ್ ಹೊರಬಂದದ್ದು ಪ್ರತಿಯೊಂದು ಬಿಡಿಭಾಗವೂ ಅಚ್ಚಿನಲ್ಲಿ ಎರಕ ಹೊಯ್ದಂತೆ ಒಂದೇ ಥರ ಇದ್ದುದರಿಂದ. ಹಲಗೆ ಬಂದಲ್ಲಿ ಹಲಗೆ, ಮೊಳೆ ಬಂದಲ್ಲಿ ಮೊಳೆ. ಕೆಲಸಗಾರ ಕಣ್ಣುಮುಚ್ಚಿ ಸೇರಿಸಬಹುದಿತ್ತು. ಕಾನಪುರದಲ್ಲಿ ಬೆಂಗಳೂರಿನವರಿಗೆ ಸಿಕ್ಕ ಕಿಟ್ ಬೇರೆ ತರಹದ್ದು. ಒಂದಕ್ಕೆ ಮೂಗಿಲ್ಲ, ಇನ್ನೊಂದಕ್ಕೆ ಬಾಲವಿಲ್ಲ, ಮತ್ತೊಂದರ ಚಕ್ರದ ಕಾಲು ಮುರಿದಿದೆ. ಬೇಕುಬೇಕೆಂದೇ ಕೆಡಿಸಿದ ಯಂತ್ರವನ್ನು ನೆಟ್ಟಗೆ ಮಾಡುವುದು ತಾನಾಗಿ ಕೆಟ್ಟದ್ದನ್ನು ನೆಟ್ಟಗೆ ಮಾಡುವುದಕ್ಕಿಂತ ಕಷ್ಟ. ಎಲ್ಲೆಲ್ಲಿ ಪೆಟ್ಟು ಬಿದ್ದಿದೆ ಎಂಬುದು ಮೇಲುನೋಟಕ್ಕೆ ಗೊತ್ತಾಗುವುದಿಲ್ಲ. ಒಂದರ ಅಂಗ ಬಿಚ್ಚಿ ಇನ್ನೊಂದಕ್ಕೆ ಜೋಡಿಸಿದರು. ಮೊದಲು ಕಾನಪುರದಲ್ಲೇ, ಒಮ್ಮೆ ಹಾರಿದರೆ ಸಾಕು ಎನ್ನುವಷ್ಟು ತೇಪೆ. ಆಮೇಲೆ ಅದನ್ನು ಹಾರಿಸಿಕೊಂಡು ಸುಮಾರು 1,500 ಕಿಲೋಮೀಟರು ದಕ್ಷಿಣಕ್ಕೆ, ಬೆಂಗಳೂರಿಗೆ. ಅಲ್ಲಿ ಪೂರ್ತಿ ಬಿಚ್ಚಿ, ತಿದ್ದಿ, ಮತ್ತೆ ಕಟ್ಟುವುದು.

ಆ ತೇಪೆಯ ವಿಮಾನಗಳನ್ನು ಒಂದಾದ ಮೇಲೊಂದರಂತೆ ಹಾರಿಸಿ ತಂದವರು ಕಾರ್ಖಾನೆಯ ಪೈಲಟ್ ಜಮ್‌ಶೆಡ್ ಮುನ್ಷಿ. ಮೂರು ವರ್ಷದ ಮೇಲೆ, 1951ರ ಆಗಸ್ಟಿನಲ್ಲಿ, ಡಾ. ವಿ. ಎಂ. ಘಾಟಗೆಯವರು ರೂಪಿಸಿದ ಎಚ್.ಟಿ.-2 ತರಬೇತಿ ವಿಮಾನವನ್ನು ಮೊದಲ ಬಾರಿಗೆ ಹಾರಿಸಿದವರೂ ಇವರೇ. ಎಚ್.ಟಿ.-2ರ ಹಾರಾಟಕ್ಕೆ ಇತಿಹಾಸದಲ್ಲಿ ದೊಡ್ಡ ಜಾಗ ಸಿಕ್ಕಿದೆ, ಸಿಗಬೇಕಾದದ್ದೇ. ಆದರೆ ನಮ್ಮನ್ನು ಕೇಳಿದರೆ, ಹೊಸ ವಿಮಾನವನ್ನು ಮೊದಲ ಬಾರಿ ಹಾರಿಸಲು ಎಷ್ಟು ಎದೆ ಬೇಕೋ, ಎದುರಾಳಿಯಂತೆ ಒಡೆದುಹಾಕಿದ ಹಳೆಯ ವಿಮಾನವನ್ನು ಕಾನಪುರದಿಂದ ವಿಂಧ್ಯ ದಾಟಿಸಿ ಬೆಂಗಳೂರಿಗೆ ತರಲು ಅದಕ್ಕಿಂತ ಹೆಚ್ಚು ಬೇಕು.

1948ರ ನವೆಂಬರಿನಲ್ಲಿ ವಾಯುಪಡೆಯ 5ನೆಯ ಸ್ಕ್ವಾಡ್ರನ್ ಮೊದಲ ಲಿಬರೇಟರುಗಳೊಂದಿಗೆ ಆರಂಭವಾಯಿತು. ಅದೇ ವರ್ಷದ ಮಾರ್ಚ್ 14ರಂದು, ಇಲ್ಲಿ ವಿಶಾಖಪಟ್ಟಣದಲ್ಲಿ, ‘ಜಲ ಉಷಾ’ ಹಡಗನ್ನು ಪಂಡಿತ್ ನೆಹರೂ ನೀರಿಗಿಳಿಸಿದ್ದರು. ವಾಲಚಂದರ ಎರಡು ಕೂಸುಗಳೂ ಒಂದೇ ವರ್ಷದಲ್ಲಿ ಎದ್ದು ನಡೆದವು. ಒಟ್ಟು ಸುಮಾರು ನಲವತ್ತು ಲಿಬರೇಟರುಗಳು ಬೆಂಗಳೂರಿನವರ ಕೈಯಲ್ಲಿ ಪುನಃ ಆಕಾಶ ಕಂಡವು.

ಈಗ ನಮ್ಮ ಮೇಜಿಗೆ ಬರೋಣ. ನಮ್ಮ ಪೆಟ್ಟಿಗೆಯಲ್ಲಿ ಬಂದ ರೆಕ್ಕೆ ಸ್ವಲ್ಪ ಸೊಟ್ಟಗಿತ್ತು. ಮೊದಲ ದಿನ ದೊಡ್ಡವನು ಮುಖ ಸಣ್ಣದು ಮಾಡಿಕೊಂಡು ಕೂತ. ಕಾನಪುರದ ಕಥೆ ಕೇಳಿದ ಮೇಲೆ ಅವನೇ ಬಿಸಿನೀರು ಕಾಯಿಸಿ ತಂದು, ರೆಕ್ಕೆಯನ್ನು ಅದ್ದಿ ಮೆಲ್ಲಗೆ ಬಗ್ಗಿಸಿ, ಎರಡು ದಪ್ಪ ನಿಘಂಟುಗಳ ನಡುವೆ ಇಟ್ಟ. ನೆಟ್ಟಗಾಯಿತು. ಕಿಟೆಲ್ ಕೋಶ ಹೀಗೂ ಉಪಯೋಗಕ್ಕೆ ಬರುತ್ತದೆ.

ಲಿಬರೇಟರಿಗೆ ಮೂಗಿನ ಕೆಳಗೆ ಒಂದು ಚಕ್ರ, ರೆಕ್ಕೆಯ ಕೆಳಗೆ ಎರಡು. ಮಾದರಿ ಕಟ್ಟಿ ಮುಗಿಸಿ ಮೇಜಿನ ಮೇಲಿಟ್ಟರೆ ಬಾಲದ ಭಾರಕ್ಕೆ ಅಂಡು ಊರಿ ಕೂತುಬಿಡುತ್ತದೆ. ಆದ್ದರಿಂದ ದೇಹದ ಎರಡು ಹೋಳುಗಳನ್ನು ಅಂಟಿಸುವ ಮೊದಲೇ ಮೂಗಿನೊಳಗೆ ಭಾರ ತುಂಬಬೇಕು. ಮೀನು ಬಂದರಿನ ಹತ್ತಿರ ಬಲೆಗೆ ಕಟ್ಟುವ ಸೀಸದ ಗುಂಡು ಮಾರುತ್ತಾರೆ. ಅದರಲ್ಲಿ ನಾಲ್ಕನ್ನು ತಂದು ಅಂಟಿನಲ್ಲಿ ಕೂರಿಸಿದೆವು. ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ಹೋಳುಗಳನ್ನು ಹಿಡಿಸಿ ಒಂದು ರಾತ್ರಿ ಬಿಟ್ಟೆವು. ಮರುದಿನ ಕೂಡುಗೆರೆಗೆ ಪುಟ್ಟಿ ಬಳಿದು, ನೀರು ಹಚ್ಚಿ ಸಣ್ಣ ಉಪ್ಪುಕಾಗದದಿಂದ ತಿಕ್ಕುವುದು. ಈ ತಿಕ್ಕುವ ಕೆಲಸದಲ್ಲಿ ಮಕ್ಕಳಿಗೆ ಬೇಸರ ಬರುತ್ತದೆ, ನಮಗೆ ಬರುವುದಿಲ್ಲ.

ಬಣ್ಣದ ವಿಷಯದಲ್ಲಿ ಇಲ್ಲಿಯ ಹವೆ ಒಳ್ಳೆಯ ಮೇಷ್ಟ್ರು. ಕಡಲಿನ ತೇವದ ಗಾಳಿಯಲ್ಲಿ ಎನಾಮೆಲ್ ಬೇಗ ಒಣಗುವುದಿಲ್ಲ. ಬೆರಳಿಟ್ಟರೆ ಬೆರಳಿನ ಗುರುತು ಉಳಿಯುತ್ತದೆ. ಮಧ್ಯಾಹ್ನ ಬಿಸಿಲು ಏರಿದ ಮೇಲೆ ಒಂದು ತೆಳು ಕೈ, ಮರುದಿನ ಮತ್ತೊಂದು. ಭಾರತದ ಲಿಬರೇಟರುಗಳಿಗೆ ಹಸಿರು ಬಣ್ಣವಿರಲಿಲ್ಲ. ಅಲ್ಯುಮಿನಿಯಂ ತಗಡಿನ ಬೆಳ್ಳಿ ಮೈಯಲ್ಲೇ ಹಾರಿದವು. ಬೆಳ್ಳಿ ಬಣ್ಣ ಹಚ್ಚಿದರೆ ಎಲ್ಲ ಲೋಪಗಳೂ ಎದ್ದು ಕಾಣುತ್ತವೆ, ಮುಚ್ಚಿಡಲು ಸಾಧ್ಯವಿಲ್ಲ. ಅಲ್ಲಲ್ಲಿ ಎರಡು ಮೂರು ತಗಡುಗಳಿಗೆ ಒಂದು ತೊಟ್ಟು ಕಪ್ಪು ಬೆರೆಸಿ ಮಂಕು ಬೆಳ್ಳಿ ಬಳಿದೆವು. ನಾಲ್ಕು ವಿಮಾನಗಳ ಚರ್ಮ ಒಂದಕ್ಕೆ ಹೊದಿಸಿದರೆ ಒಂದೇ ಹೊಳಪು ಹೇಗೆ ಬಂದೀತು? ಇದು ನಮ್ಮ ಊಹೆ, ಒಪ್ಪದವರು ಒಪ್ಪದಿರಬಹುದು.

ಎಲ್ಲಕ್ಕಿಂತ ಹೆಚ್ಚು ಚರ್ಚೆ ನಡೆದದ್ದು ರೆಕ್ಕೆಯ ಮೇಲಿನ ವೃತ್ತದ ಬಗ್ಗೆ. ಪೆಟ್ಟಿಗೆಯಲ್ಲಿ ಬಂದವು ಅಮೆರಿಕದ ನಕ್ಷತ್ರಗಳು. ಅವನ್ನು ಬದಿಗಿಟ್ಟೆವು. ಆದರೆ ನಮ್ಮದು ಯಾವುದು? ಬ್ರಿಟಿಷರ ಕಾಲದ ವೃತ್ತದ ನಡುವೆ ಕೆಂಪು ಬೊಟ್ಟಿತ್ತು. ಜಪಾನಿನ ವಿಮಾನಗಳ ಗುರುತೂ ಕೆಂಪು ಸೂರ್ಯನೇ. ಗಡಿಬಿಡಿಯಲ್ಲಿ ತಮ್ಮವರೇ ತಮ್ಮವರಿಗೆ ಗುಂಡು ಹಾರಿಸಬಾರದೆಂದು 1942ರ ನಂತರ ಈ ಕಡೆಯ ವಿಮಾನಗಳ ಗುರುತಿನಿಂದ ಕೆಂಪನ್ನೇ ತೆಗೆದುಹಾಕಿದರು. ಕಡು ನೀಲಿ, ತಿಳಿ ನೀಲಿ ಎರಡೇ ಉಳಿದವು. ವಿಶಾಖಪಟ್ಟಣದ ಮೇಲೆ ಹಾರಿ ಬಂದ ಆ ಕೆಂಪು ಬೊಟ್ಟು ಹೀಗೆ ನಮ್ಮ ಬಣ್ಣದ ಡಬ್ಬಿಯವರೆಗೂ ಬರುತ್ತದೆ. ಸ್ವಾತಂತ್ರ್ಯಾನಂತರ ಸ್ವಲ್ಪ ಕಾಲ ಅಶೋಕ ಚಕ್ರ ಇತ್ತು. 1950ರ ಜನವರಿ 26ರಿಂದ ಈಗ ನಾವು ಕಾಣುವ ವೃತ್ತ: ಹೊರಗೆ ಕೇಸರಿ, ಮಧ್ಯೆ ಬಿಳಿ, ಒಳಗೆ ಹಸಿರು. ಅಂದಮೇಲೆ 1948ರ ವಿಮಾನವೋ 1951ರದೋ ಎಂದು ತೀರ್ಮಾನಿಸದೆ ಕುಂಚ ಅದ್ದುವಂತಿಲ್ಲ. 6ನೆಯ ಸ್ಕ್ವಾಡ್ರನ್ 1951ರಲ್ಲಿ ಪುಣೆಯಲ್ಲಿ ಲಿಬರೇಟರುಗಳೊಂದಿಗೆ ಪುನಃ ಕೂಡಿಬಂತು. ಅದಕ್ಕೆ ವಹಿಸಿದ್ದು ಸಮುದ್ರದ ಕಾವಲು. ಕಡಲೂರಿನಲ್ಲಿರುವ ನಮಗೆ ಅದೇ ಸರಿ ಎಂದು ಒಮ್ಮತವಾಯಿತು. ಕೇಸರಿ, ಬಿಳಿ, ಹಸಿರು. ರೆಕ್ಕೆಗಳ ಮೇಲೆ ಕೆಳಗೆ ನಾಲ್ಕು, ಪಕ್ಕಗಳಲ್ಲಿ ಎರಡು, ಒಟ್ಟು ಆರು ವೃತ್ತ. ಕಂಪಾಸಿನಿಂದ ಗೆರೆ ಎಳೆದು ಕೈಯಲ್ಲೇ ತುಂಬಿದೆವು. ಆರನೆಯದು ಚೆನ್ನಾಗಿ ಬಂದಿದೆ.

ನಮ್ಮ ಲಿಬರೇಟರುಗಳು 1968ರ ಕೊನೆಯವರೆಗೂ ದುಡಿದವು. ಗಂಟೆಗೊಂದರಂತೆ ತಯಾರಿಸಿದ ಅಮೆರಿಕದಲ್ಲಿ ಅಷ್ಟು ಹೊತ್ತಿಗೆ ಅವನ್ನು ಕರಗಿಸಿ ಬಹುಕಾಲವಾಗಿತ್ತು. ಆಗ ಪರದೇಶದ ಮ್ಯೂಸಿಯಮ್ಮುಗಳು ನಮ್ಮತ್ತ ತಿರುಗಿದವು. ಒಂದು 1968ರಲ್ಲಿ ಕೆನಡಾಕ್ಕೆ ಹೋಯಿತು. ಇನ್ನೊಂದು 1969ರಲ್ಲಿ ಅಮೆರಿಕದ ಅರಿಜೋನಾಕ್ಕೆ ಹಾರಿ, ಟೂಸಾನಿನ ಪೀಮಾ ಮ್ಯೂಸಿಯಮ್ ಸೇರಿತು. ಮತ್ತೊಂದನ್ನು 1974ರಲ್ಲಿ ನಮ್ಮ ವಾಯುಪಡೆ ಬ್ರಿಟನ್ನಿನ ವಾಯುಪಡೆ ಮ್ಯೂಸಿಯಮ್ಮಿಗೆ ಕಾಣಿಕೆಯಾಗಿ ಕೊಟ್ಟಿತು. ಭಾರತದಿಂದ ಹೋದ ಇನ್ನೊಂದು, ಬಿಡಿಭಾಗಗಳಾಗಿ ಅಟ್ಲಾಂಟಿಕ್ ದಾಟಿ, ಅಮೆರಿಕದ ಕಾಲಿಂಗ್ಸ್ ಪ್ರತಿಷ್ಠಾನದವರ ಕೈಯಲ್ಲಿ ರಿಪೇರಿಯಾಗಿ 1989ರಲ್ಲಿ ಮತ್ತೆ ಹಾರಿತು. ದೆಹಲಿಯ ಪಾಲಂ ಸಂಗ್ರಹಾಲಯಕ್ಕೂ ಒಂದು ಉಳಿಯಿತು.

ಹೊರಗೆ ಹೋದವುಗಳಲ್ಲಿ ಹೆಚ್ಚಿನವಕ್ಕೆ ಅಮೆರಿಕದ ಇಲ್ಲವೆ ಬ್ರಿಟಿಷರ ಯುದ್ಧಕಾಲದ ಬಣ್ಣ ಬಳಿದಿದ್ದಾರೆ. ಅದರಲ್ಲಿ ಅವರನ್ನು ದೂರುವಂಥದ್ದೇನೂ ಇಲ್ಲ. ಆ ವಿಮಾನಗಳಲ್ಲಿ ಅವರ ಮಕ್ಕಳು ಸಾವಿರಗಟ್ಟಲೆ ಸತ್ತಿದ್ದಾರೆ. ಅವರನ್ನು ನೆನೆಯಲು ಅವರಿಗೊಂದು ವಿಮಾನ ಬೇಕು. ಆದರೆ ಯುದ್ಧದ ಲೆಕ್ಕ ಒಂದೆರಡು ವರ್ಷದ್ದು, ಭಾರತದ ಲೆಕ್ಕ ಇಪ್ಪತ್ತು ವರ್ಷದ್ದು. ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವವರಿಗೆ ಆ ಬಣ್ಣದ ಕೆಳಗೆ ಬೆಂಗಳೂರಿನ ಕಮ್ಮಾರನೊಬ್ಬ ಬಡಿದ ಮೊಳೆ ಇದೆ ಎಂದು ಯಾರು ಹೇಳಬೇಕು? ಕಿಟ್ ಮಾಡುವವರು ಮ್ಯೂಸಿಯಮ್ಮಿನ ವಿಮಾನ ನೋಡಿ ಬಣ್ಣ ಬರೆಯುತ್ತಾರೆ, ನಮ್ಮ ಮಕ್ಕಳು ಕಿಟ್ ನೋಡಿ ಇತಿಹಾಸ ತಿಳಿಯುತ್ತಾರೆ. ಚಿಕ್ಕವನ ಪ್ರಶ್ನೆ ಹುಟ್ಟಿದ್ದು ಅಲ್ಲಿಂದ.

ಕಳೆದ ಭಾನುವಾರ ಮಕ್ಕಳನ್ನು ಕರೆದುಕೊಂಡು ಆರ್.ಕೆ. ಬೀಚಿಗೆ ಹೋಗಿದ್ದೆವು. ಅಲ್ಲಿನ ಟಿ.ಯು.-142 ವಿಮಾನ ನಮ್ಮ ಸದಸ್ಯರೆಲ್ಲರೂ ನೋಡಿರುವಂಥದ್ದೇ. ಆದರೆ ಅದರ ವಂಶಾವಳಿಯನ್ನು ಯಾರೂ ಹೇಳಿದ್ದು ಕೇಳಲಿಲ್ಲ. 6ನೆಯ ಸ್ಕ್ವಾಡ್ರನ್ ಲಿಬರೇಟರಿನಲ್ಲಿ ಮಾಡುತ್ತಿದ್ದ ಕಡಲ ಕಾವಲಿಗೆ 1960ರ ದಶಕದಲ್ಲಿ ಏರ್ ಇಂಡಿಯಾದ ಹಳೆಯ ಸೂಪರ್ ಕಾನ್‌ಸ್ಟೆಲೇಷನ್‌ಗಳು ಸೇರಿದವು. 1976ರಲ್ಲಿ ಆ ಕೆಲಸವೂ ವಿಮಾನಗಳೂ ನೌಕಾಪಡೆಗೆ ವರ್ಗವಾಗಿ 312ನೆಯ ನೌಕಾ ಸ್ಕ್ವಾಡ್ರನ್ ಆಯಿತು. ಅದೇ ಸ್ಕ್ವಾಡ್ರನ್ 1988ರಲ್ಲಿ ಸೋವಿಯತ್ ಒಕ್ಕೂಟದಿಂದ ಟಿ.ಯು.-142 ಪಡೆಯಿತು. ಇಪ್ಪತ್ತೊಂಬತ್ತು ವರ್ಷ ಹಾರಿ, 2017ರ ಮಾರ್ಚಿನಲ್ಲಿ ಅರಕ್ಕೋಣಂನಲ್ಲಿ ಅವು ನಿವೃತ್ತಿಯಾದವು. ಒಂದು ಮರುತಿಂಗಳೇ ಇಲ್ಲಿಗೆ ಹಾರಿ ಬಂತು. ಐ.ಎನ್.ಎಸ್. ಡೇಗಾದಲ್ಲಿ ಅದನ್ನು ಬಿಚ್ಚಿ, ಭಾಗಭಾಗವಾಗಿ ಬೀಚಿಗೆ ಸಾಗಿಸಿ, ಮತ್ತೆ ಜೋಡಿಸಿದರು. ಡಿಸೆಂಬರಿನಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದರು ಉದ್ಘಾಟಿಸಿದರು.

ಮಕ್ಕಳು ಅದರ ಕೆಳಗೆ ನಿಂತು ಲೆಕ್ಕ ಹಾಕಿದರು. 53 ಮೀಟರ್ ಉದ್ದ. ಎಪ್ಪತ್ತೆರಡರಿಂದ ಭಾಗಿಸಿದರೆ ಸುಮಾರು 74 ಸೆಂಟಿಮೀಟರು. ನಾಲ್ಕು ಎಂಜಿನ್, ಒಂದೊಂದಕ್ಕೆ ಎರಡೆರಡು ಪಂಖ, ಪಂಖಕ್ಕೆ ನಾಲ್ಕು ಅಲಗು. ಬಣ್ಣ ಬಳಿಯಲು ಒಟ್ಟು 32 ಅಲಗು. ಇದರ ಕಿಟ್ ತಂದರೆ ಊಟದ ಮೇಜು ಯಾವ ಕಾಲಕ್ಕೆ ತೆರವಾದೀತು ಎಂದು ಮನೆಯವರು ಕೇಳಿದ ಪ್ರಶ್ನೆಗೆ ಮೂವರೂ ಸಮುದ್ರದ ಕಡೆ ನೋಡಿದೆವು.

ನಮ್ಮ ಲಿಬರೇಟರಿಗೆ ಇನ್ನೊಂದೇ ಕೆಲಸ ಬಾಕಿ. ಚಕ್ರಗಳು ಮಡಿಚಿ ಒಳಸೇರುವ ಗುಳಿಗಳಿಗೆ ಬಣ್ಣ ಹಚ್ಚದೆ ಹಾಗೆಯೇ ಬಿಟ್ಟಿದ್ದೇವೆ. ಅಮೆರಿಕದ ಕಾರ್ಖಾನೆಯ ಬಣ್ಣವನ್ನು ಪೆಟ್ಟಿಗೆಯ ಕಾಗದ ಹೇಳುತ್ತದೆ. ಬೆಂಗಳೂರಿನಲ್ಲಿ ಏನು ಬಳಿದರೆಂಬುದನ್ನು ಆ ಕೆಲಸ ಮಾಡಿದವರ ಮನೆಯವರೇ ಹೇಳಬೇಕು. 1948ರಿಂದ ಆಚೆಗೆ ಆ ಕಾರ್ಖಾನೆಯಲ್ಲಿ ದುಡಿದ ತಾತಂದಿರು, ಮುತ್ತಾತಂದಿರು ನಮ್ಮ ಸಂಘದ ಕುಟುಂಬಗಳಲ್ಲಿ ಖಂಡಿತ ಇದ್ದಾರು. ಟ್ರಂಕಿನ ತಳದಲ್ಲಿ ಹಳೆಯ ಫೋಟೋ, ಹಾಜರಿ ಚೀಟಿ, ಒಂದು ಚೂರು ತಗಡು ಏನಾದರೂ ಇದ್ದರೆ ದಯವಿಟ್ಟು ಮುಂದಿನ ತಿಂಗಳ ಸಭೆಗೆ ತನ್ನಿ. ನೋಡಿ, ಬರೆದುಕೊಂಡು, ಅಲ್ಲಿಯೇ ಹಿಂದಿರುಗಿಸುತ್ತೇವೆ. ಕುಂಚ ತೊಳೆದಿಟ್ಟುಕೊಂಡು ಕಾಯುತ್ತಿದ್ದೇವೆ.